ಕೇಳುವ ಮೊದಲೇ ಹೇಳಿ



ಇವತ್ತು ಸಕ್ಕರೆ ಕಾಯಿಲೆಯ ಬಗ್ಗೆ ನಾಲ್ಕು ಮಾತು. ಗಾಬರಿಯಾಗಬೇಡಿ. ಮೆಂತೆ ಕಾಳು, ಹಾಗಲಕಾಯಿ ರಸ, ಬೆಳಗಿನ ವಾಕಿಂಗ್, ಇವನ್ನು ಮತ್ತೊಮ್ಮೆ ಹೇಳಲು ನಾನು ಬಂದಿಲ್ಲ. ಅದನ್ನೆಲ್ಲ ನಿಮ್ಮ ಬಿಲ್ಡಿಂಗಿನವರು ಆಗಲೇ ಹೇಳಿ ಮುಗಿಸಿರುತ್ತಾರೆ. ನನ್ನ ವಿಷಯ ಸಣ್ಣದು. ವಿಮಾನ ನಿಲ್ದಾಣದ ಭದ್ರತಾ ತಪಾಸಣೆ. ನಿಮ್ಮ ಚೀಲದಲ್ಲಿ ಇನ್ಸುಲಿನ್ ಇದೆ. ಸೂಜಿ ಇದೆ. ತೋಳಿನ ಮೇಲೆ ಒಂದು ಸಾಧನ ಅಂಟಿಕೊಂಡಿರಲೂಬಹುದು. ಇಷ್ಟೆಲ್ಲ ಇಟ್ಟುಕೊಂಡು ಆ ತಪಾಸಣೆಯನ್ನು ದಾಟುವುದು ಹೇಗೆ?

ಸಣ್ಣ ವಿಷಯ ಎಂದೆ. ಆದರೆ ಅದಕ್ಕೆ ಸಂಬಂಧಪಟ್ಟವರು ಸಣ್ಣ ಸಂಖ್ಯೆಯಲ್ಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದುದ್ದಕ್ಕೂ ಒಂದು ದೊಡ್ಡ ಸಮೀಕ್ಷೆ ನಡೆಸಿತು. ಅದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗಿಂತ ಹೆಚ್ಚು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಕನ್ನಡದ ಮನೆಗಳು ಈ ಲೆಕ್ಕದಿಂದ ಹೊರಗಿಲ್ಲ. ಲೋಕಲ್ ಹಿಡಿಯಲು ಓಡಿ, ನಿಂತಲ್ಲೇ ವಡಾ ಪಾವ್ ತಿಂದು, ರಾತ್ರಿ ಹತ್ತೂವರೆಗೆ ಊಟ ಮಾಡಿ ಮೂವತ್ತು ವರ್ಷ ಕಳೆದವರು ನಾವು.

ಒಂದು ಕಾಲದಲ್ಲಿ ನಮಗೆ ಪ್ರಯಾಣವೆಂದರೆ ರೈಲು. ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿದರೆ ಮರುದಿನ ಊರು. ಚೀಲದಲ್ಲಿ ಸೂಜಿ ಇದೆಯೇ ಎಂದು ಕೇಳುವವರಿಲ್ಲ. ಈಗ ಊರಿಗೂ ವಿಮಾನ. ಮಕ್ಕಳು ದುಬೈಯಲ್ಲಿ, ಲಂಡನ್ನಿನಲ್ಲಿ, ನ್ಯೂಜೆರ್ಸಿಯಲ್ಲಿ. ಬಾಣಂತನಕ್ಕೆಂದು ಅಜ್ಜಿ ಆರು ತಿಂಗಳ ಮದ್ದು ಕಟ್ಟಿಕೊಂಡು ಹೊರಡುತ್ತಾಳೆ. ಮೊದಲೆಲ್ಲ ಮುಂಬಯಿಯ ಸಹಾರ್ ಅಥವಾ ಸಾಂತಾಕ್ರೂಜ್‌ ನಿಲ್ದಾಣಕ್ಕೇ ಹೋಗಬೇಕಿತ್ತು. 2025ರ ಡಿಸೆಂಬರ್ 25ರಿಂದ ಉಲ್ವೆಯ ಹತ್ತಿರ ನವಿ ಮುಂಬಯಿ ವಿಮಾನ ನಿಲ್ದಾಣವೂ ಶುರುವಾಗಿದೆ. ವಾಶಿ, ನೆರೂಳಿನವರಿಗೆ ವಿಮಾನ ಈಗ ಮನೆಬಾಗಿಲಿಗೇ ಬಂದಂತಾಗಿದೆ. ಡೊಂಬಿವಲಿ, ಕಲ್ಯಾಣದವರಿಗೆ ಮಾತ್ರ ಶಿಳ್ ಫಾಟಾದ ಟ್ರಾಫಿಕ್ ತಪ್ಪಿದ್ದಲ್ಲ. ಆ ಟ್ರಾಫಿಕ್ಕಿನ ಮಾತು ಮುಂದೆ ಬರುತ್ತದೆ. ಅದಕ್ಕೂ ಸಕ್ಕರೆ ಕಾಯಿಲೆಗೂ ನಂಟಿದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಅವರು ಕೇಳುವ ಮೊದಲೇ ನೀವು ಹೇಳಿ. ಉಳಿದದ್ದೆಲ್ಲ ಇದರ ವಿವರ.

ಇದು ಸುಲಭವಲ್ಲವೆಂದು ನನಗೆ ಗೊತ್ತು. ನಮ್ಮಲ್ಲಿ ಈ ಕಾಯಿಲೆಯನ್ನು ಮುಚ್ಚಿಡುವ ಚಾಳಿಯಿದೆ. ಮದುವೆ ಊಟದಲ್ಲಿ ಹೋಳಿಗೆ ಬಡಿಸಲು ಬಂದರೆ ‘ಹೊಟ್ಟೆ ತುಂಬಿತು ಮಾರಾಯ್ರೆ’ ಎನ್ನುತ್ತೇವೆ. ‘ಶುಗರ್ ಇದೆ’ ಎನ್ನುವುದಿಲ್ಲ. ಆಫೀಸಿನಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳಲು ಬಾತ್‌ರೂಮಿಗೆ ಹೋಗುತ್ತೇವೆ. ಮಗಳಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರಂತೂ ಮನೆಯಲ್ಲಿ ಪಿಸುಮಾತು. ನಾಳೆ ಸಂಬಂಧ ಕೂಡಿಬರಬೇಕಲ್ಲ! ತೋಳಿನ ಸೆನ್ಸರ್ ಕಾಣಬಾರದೆಂದು ಉದ್ದ ತೋಳಿನ ಕುರ್ತಾ ಹೊಲಿಸುತ್ತೇವೆ. ಹೀಗೆ ಹತ್ತಾರು ವರ್ಷ ಮುಚ್ಚಿಟ್ಟು ಬದುಕಿದವರು ವಿಮಾನ ನಿಲ್ದಾಣದಲ್ಲೂ ಸುಮ್ಮನಿರುತ್ತಾರೆ. ಅಲ್ಲಿ ಅದು ನಡೆಯುವುದಿಲ್ಲ. ಚೀಲದಲ್ಲಿದ್ದದ್ದು ಎಕ್ಸ್-ರೇಯಲ್ಲಿ ಕಾಣುತ್ತದೆ. ಮೈಮೇಲಿದ್ದದ್ದು ಕೈಗೆ ಸಿಗುತ್ತದೆ. ನೀವು ಮೊದಲೇ ಹೇಳಿದರೆ ಅದು ಔಷಧಿ. ಅವರೇ ಹುಡುಕಿ ತೆಗೆದರೆ ಅದೊಂದು ಪ್ರಶ್ನೆ.

ಆ ಜಾಗವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳೋಣ. ವಿಮಾನ ಹತ್ತದವರೂ ಕೇಳುತ್ತಿರಬಹುದು.

ಉದ್ದನೆಯ ಸಾಲು. ಸಾಲಿನ ಕೊನೆಗೆ ಒಂದು ಮೇಜು, ಅದರ ಮೇಲೆ ಅಗಲವಾದ ಪ್ಲಾಸ್ಟಿಕ್ ಟ್ರೇ. ಮೊಬೈಲು, ಲ್ಯಾಪ್‌ಟಾಪು, ಪರ್ಸು, ಬೆಲ್ಟು, ಎಲ್ಲ ಅದರೊಳಗೆ. ಟ್ರೇ ಉರುಳುತ್ತ ಎಕ್ಸ್-ರೇ ಯಂತ್ರದೊಳಗೆ ಹೋಗುತ್ತದೆ. ನೀವು ಇನ್ನೊಂದು ಕಡೆಯಿಂದ ಲೋಹ ಪತ್ತೆ ಮಾಡುವ ಚೌಕಟ್ಟಿನ ಮೂಲಕ ನಡೆಯುತ್ತೀರಿ. ಅದು ಬಾಗಿಲಿಲ್ಲದ ಬಾಗಿಲುವಾಡ. ಅದನ್ನು ದಾಟಿದರೆ ಗೇಣೆತ್ತರದ ಒಂದು ಮಣೆ. ಅದರ ಮೇಲೆ ನಿಂತು ಎರಡೂ ಕೈ ಅಗಲಿಸಬೇಕು. ಖಾಕಿ ಸಮವಸ್ತ್ರದ ಜವಾನ ಕೈಯಂತ್ರವನ್ನು ನಿಮ್ಮ ಮೈಮೇಲೆ ಆಡಿಸುತ್ತಾನೆ. ಕೈಯಿಂದ ತಟ್ಟಿಯೂ ನೋಡುತ್ತಾನೆ. ಹೆಂಗಸರಿಗೆ ಪರದೆಯ ಹಿಂದೆ ಮಹಿಳಾ ಸಿಬ್ಬಂದಿ. ಇವರು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯವರು. ಸಿಐಎಸ್‌ಎಫ್ ಎನ್ನುತ್ತೇವಲ್ಲ, ಅವರೇ. ಕಂದಹಾರ್ ವಿಮಾನ ಅಪಹರಣ ಆದದ್ದು 1999ರ ಕೊನೆಗೆ. ಮರುವರ್ಷದಿಂದ ದೇಶದ ನಿಲ್ದಾಣಗಳ ಭದ್ರತೆ ಒಂದೊಂದಾಗಿ ಈ ಪಡೆಯ ಕೈಗೆ ಬಂತು.

ಅಷ್ಟರಲ್ಲಿ ನಿಮ್ಮ ಟ್ರೇ ಹೊರಬಂದಿರುತ್ತದೆ. ಸಂಶಯ ಬಂದ ಟ್ರೇ ಬೇರೆ ಸಾಲಿಗೆ ತಿರುಗಿಕೊಳ್ಳುತ್ತದೆ. ಅಲ್ಲಿಂದ ಕೂಗು ಕೇಳಿಸುತ್ತದೆ. ‘ಯೇ ಬ್ಯಾಗ್ ಕಿಸ್ಕಾ ಹೈ?’

ಹೀಗೆ ಮೂರು ಜಾಗ. ಟ್ರೇ, ಚೌಕಟ್ಟು, ಮಣೆ. ಟ್ರೇಯಿಂದ ಶುರು ಮಾಡೋಣ.

ಇನ್ಸುಲಿನ್ ಯಾವಾಗಲೂ ಕೈಚೀಲದಲ್ಲೇ ಇರಲಿ. ಇದರಲ್ಲಿ ರಾಜಿ ಇಲ್ಲ. ‘ಸೂಜಿ ಇದೆಯಲ್ಲ, ಹಿಡಿದಾರು, ದೊಡ್ಡ ಪೆಟ್ಟಿಗೆಗೆ ಹಾಕಿಬಿಡು’ ಎನ್ನುವ ಹಿರಿಯರು ಬಹಳ ಮಂದಿ. ಹಾಗೆ ಮಾಡಬೇಡಿ. ಇನ್ಸುಲಿನ್ನಿನ ಜೊತೆಗಿರುವ ಸೂಜಿಗೆ, ಬೆರಳು ಚುಚ್ಚುವ ಲ್ಯಾನ್ಸೆಟ್‌ಗೆ, ಗ್ಲೂಕೋಮೀಟರಿಗೆ ಅವಕಾಶವಿದೆ. ವೈದ್ಯರ ಚೀಟಿ ಜೊತೆಗಿರಬೇಕು, ಅಷ್ಟೆ. ಆದರೆ ಇನ್ಸುಲಿನ್ ಇಲ್ಲದ ಸೂಜಿ, ಚೀಟಿ ಇಲ್ಲದ ಸಿರಿಂಜು ಬರೀ ಸೂಜಿ, ಬರೀ ಸಿರಿಂಜು. ಅದನ್ನು ಬಿಡಲೇಬೇಕೆಂದು ವಾದಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ದೊಡ್ಡ ಪೆಟ್ಟಿಗೆ ಏಕೆ ಬೇಡ? ಅದು ಬಿಸಿಲಲ್ಲಿ ನಿಲ್ಲುತ್ತದೆ. ಆಮೇಲೆ ವಿಮಾನದ ಹೊಟ್ಟೆಯೊಳಗೆ ಹೋಗುತ್ತದೆ. ಅಲ್ಲಿನ ಚಳಿಯನ್ನು ನಂಬುವಂತಿಲ್ಲ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಿತು. ಮತ್ತೆ ಕರಗಿದಾಗ ನೋಡಲು ಮೊದಲಿನಂತೆಯೇ ಇರಬಹುದು. ಕೆಲಸ ಮಾಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಭಯ, ಪೆಟ್ಟಿಗೆಯೇ ಬಾರದೆ ಹೋಗುವುದು. ನೀವು ಲಂಡನ್ನಿಗೆ, ಪೆಟ್ಟಿಗೆ ಇನ್ನೆಲ್ಲಿಗೋ.

ಪೆಟ್ಟಿಗೆ ಬಾರದಿದ್ದರೆ ಅಲ್ಲೇ ಕೊಂಡರಾಯಿತು ಎನ್ನುವಿರಾ? ಇಲ್ಲೊಂದು ಅಪಾಯವಿದೆ. ನಿಧಾನವಾಗಿ ಹೇಳುತ್ತೇನೆ. ನಮ್ಮಲ್ಲಿ ಇನ್ಸುಲಿನ್ನಿನ ಸಣ್ಣ ಸೀಸೆ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು. ಅದಕ್ಕೆ ಹೊಂದುವ ಸಿರಿಂಜಿಗೆ ಕೆಂಪು ಮುಚ್ಚಳ. ಅಮೆರಿಕ, ಬ್ರಿಟನ್ನಿನಂಥ ದೇಶಗಳಲ್ಲಿ ಸಿಗುವುದು ಒಂದು ಮಿಲಿಲೀಟರಿಗೆ 100 ಯೂನಿಟ್ಟಿನದು. ಅದರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. ಅಲ್ಲಿನ ಸೀಸೆಯಿಂದ ಇಲ್ಲಿನ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ಏನಾಯಿತು? ಒಳಗೆ ಹೋದದ್ದು 20 ಯೂನಿಟ್ ಅಲ್ಲ, 50. ಎರಡೂವರೆ ಪಾಲು. ಇದು ಪ್ರಾಣಕ್ಕೆ ಬರುವ ತಪ್ಪು. ಇನ್ಸುಲಿನ್ ಪೆನ್ ಬಳಸುವವರಿಗೆ ಈ ಗೊಂದಲ ಕಡಿಮೆ, ಏಕೆಂದರೆ ಪೆನ್ನಿನ ಕಾರ್ಟ್ರಿಜ್ ನಮ್ಮಲ್ಲೂ 100 ಯೂನಿಟ್ಟಿನದೇ. ಸೀಸೆಯವರು ಮಾತ್ರ ಎಚ್ಚರ. ಸೀಸೆಯೂ ಸಿರಿಂಜೂ ಮನೆಯಿಂದಲೇ ಹೋಗಲಿ, ಬೇಕಾದದ್ದಕ್ಕಿಂತ ಜಾಸ್ತಿಯೇ ಹೋಗಲಿ.

ಅಂದರೆ ಇನ್ಸುಲಿನ್, ಸೂಜಿ, ಮೀಟರು ಕೈಚೀಲದಲ್ಲಿ. ಇನ್ಸುಲಿನ್ ಪಂಪು ಇದ್ದರೆ ಅದರ ಬಿಡಿ ಬ್ಯಾಟರಿಗೂ ಅದೇ ಜಾಗ. ಎಲ್ಲವೂ ಒಂದೇ ಪಾರದರ್ಶಕ ಚೀಲದೊಳಗೆ, ಮೇಲ್ಗಡೆಯೇ. ಟ್ರೇಯಲ್ಲಿ ಅದನ್ನು ಪ್ರತ್ಯೇಕವಾಗಿಡಿ. ಇಡುವಾಗಲೇ ಅಲ್ಲಿದ್ದವರಿಗೆ ಒಂದು ಮಾತು ಹಾಕಿ. ‘ಸರ್, ಶುಗರ್ ಪೇಶಂಟ್ ಹೂಂ. ಇಸ್ಮೇ ಇನ್ಸುಲಿನ್ ಔರ್ ಸೂಯೀ ಹೈ.’ ಈ ಪಡೆಯವರು ದೇಶದ ಮೂಲೆಮೂಲೆಯಿಂದ ಬಂದವರು. ಮರಾಠಿಯೂ ಬಾರದಿರಬಹುದು, ಕನ್ನಡವಂತೂ ದೂರದ ಮಾತು. ಈ ಎರಡು ಹಿಂದಿ ವಾಕ್ಯ ಸಾಕು.

ಈಗ ದ್ರವದ ಮಾತು. ಇನ್ಸುಲಿನ್ನೂ ದ್ರವವೇ ತಾನೆ?

2006ರ ಆಗಸ್ಟಿನಲ್ಲಿ ಲಂಡನ್ನಿನ ಪೊಲೀಸರು ಒಂದು ಸಂಚನ್ನು ಬಯಲಿಗೆಳೆದರು. ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ತುಂಬಿ, ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸುವ ಸಂಚು. ಅಲ್ಲಿಂದ ಶುರುವಾದದ್ದು 100 ಮಿಲಿಲೀಟರಿನ ನಿಯಮ. ನಮ್ಮ ದೇಶದಿಂದ ಹೊರಡುವ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಅದಕ್ಕಿಂತ ದೊಡ್ಡ ದ್ರವದ ಬಾಟಲಿ ಕೈಚೀಲದಲ್ಲಿ ಇರಬಾರದು. ಆದರೆ ಅಗತ್ಯವಾದ ಔಷಧಿಗೆ ಈ ನಿಯಮದಿಂದ ವಿನಾಯಿತಿ. ಇನ್ಸುಲಿನ್ನಿಗೆ ಅದು ಬೇಕಾಗುವುದೇ ಇಲ್ಲವೆನ್ನಿ. ಪೆನ್ನಿನ ಕಾರ್ಟ್ರಿಜ್ 3 ಮಿಲಿಲೀಟರ್, ಸೀಸೆ 10. ತೊಂದರೆ ಕೊಡುವುದು ಅದರ ಜೊತೆಗಿನ ಐಸ್ ಪ್ಯಾಕು, ಸಕ್ಕರೆ ಇಳಿದಾಗ ಕುಡಿಯಲೆಂದು ಇಟ್ಟ ಜ್ಯೂಸು. ಇವೂ ಕಾಯಿಲೆಗಾಗಿಯೇ ಎಂದು ತೋರಿಸಲು ಮತ್ತೆ ಅದೇ ವೈದ್ಯರ ಚೀಟಿ ಬೇಕು.

ನಮ್ಮ ದೇಶದ ನಿಯಮಗಳು ಸಂದರ್ಭ ನೋಡಿ ಬಾಗುವುದೂ ಉಂಟು. ತೆಂಗಿನಕಾಯಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಊರಿನಿಂದ ಬರುವಾಗ ಎಷ್ಟೋ ಮಂದಿಗೆ ಇದರ ಅನುಭವ ಆಗಿರುತ್ತದೆ. ಆದರೆ 2024ರ ಕೊನೆಯಲ್ಲಿ ಶಬರಿಮಲೆ ಯಾತ್ರಿಗಳ ಇರುಮುಡಿಯ ಕಾಯಿಗೆ ಕೆಲವು ತಿಂಗಳ ಮಟ್ಟಿಗೆ ಅನುಮತಿ ಸಿಕ್ಕಿತು. ಅಯ್ಯಪ್ಪನ ಕಾಯಿಗೆ ಸಿಕ್ಕಿದ್ದು ಋತುಮಾನದ ರಿಯಾಯಿತಿ. ಇನ್ಸುಲಿನ್ನಿಗೆ ವರ್ಷವಿಡೀ ಇದೆ. ಕೇಳುವವರು ಕೇಳಬೇಕು, ಅಷ್ಟೆ.

ಐಸ್ ಪ್ಯಾಕಿನ ವಿಷಯ ಬಂತಲ್ಲ, ಒಂದು ಮಾತು. ಬಳಕೆಗೆ ತೆಗೆದ ಇನ್ಸುಲಿನ್ನಿಗೆ ಫ್ರಿಜ್ಜಿನ ತಂಪು ಬೇಕಿಲ್ಲ. 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ತಾಳುತ್ತದೆ. ಒಡೆಯದ ದಾಸ್ತಾನಿಗೆ ಮಾತ್ರ 2ರಿಂದ 8 ಡಿಗ್ರಿ. ಫ್ರೀಜರಿನಿಂದ ತೆಗೆದ ಕಲ್ಲಿನಂಥ ಐಸ್ ಪ್ಯಾಕಿಗೆ ಸೀಸೆಯನ್ನು ತಾಗಿಸಿ ಕಟ್ಟಿದರೆ ಇನ್ಸುಲಿನ್ನೇ ಹೆಪ್ಪುಗಟ್ಟೀತು. ನಡುವೆ ಬಟ್ಟೆ ಸುತ್ತಿ. ನೀರಲ್ಲಿ ನೆನೆಸಿಟ್ಟರೆ ತಂಪು ಹಿಡಿದಿಡುವ ಬಟ್ಟೆಯ ಚೀಲಗಳೂ ಸಿಗುತ್ತವೆ. ನಮ್ಮ ಮಣ್ಣಿನ ಹೂಜಿಯ ಉಪಾಯವೇ ಅದು. ನೀರು ಆವಿಯಾಗುತ್ತ ಒಳಗನ್ನು ತಂಪಾಗಿಡುತ್ತದೆ. ಅದರಲ್ಲಿ ಐಸಿಲ್ಲ, ಸೋರುವ ದ್ರವವಿಲ್ಲ. ತಪಾಸಣೆಯಲ್ಲಿ ತಕರಾರೂ ಕಡಿಮೆ.

ಇಷ್ಟು ಹೊತ್ತು ‘ಚೀಟಿ, ಚೀಟಿ’ ಎನ್ನುತ್ತಲೇ ಬಂದೆ. ಆ ಚೀಟಿ ಹೇಗಿರಬೇಕು? ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮವರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ.

ಡೊಂಬಿವಲಿಯ ಯಾವುದೇ ಕ್ಲಿನಿಕ್ಕಿನ ಚೀಟಿ ತೆಗೆದು ನೋಡಿ. ಮೇಲೆ ಬರೆದಿರುವುದು ‘ಮಿಸ್ಟರ್ ಶೆಟ್ಟಿ, 62’. ಅಷ್ಟೇ. ಯಾವ ಶೆಟ್ಟಿ? ಡಾಕ್ಟರಿಗೆ ಗೊತ್ತು, ಮೆಡಿಕಲ್ ಸ್ಟೋರಿನವನಿಗೂ ಗೊತ್ತು. ತಪಾಸಣೆಯ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಟಿಕೇಟಿನಲ್ಲಿ ನಿಮ್ಮ ಪೂರ್ತಿ ಹೆಸರಿದೆ. ಆಧಾರಿನಲ್ಲಿ ಇಲ್ಲಿನ ಪದ್ಧತಿಯಂತೆ ನಡುವೆ ತಂದೆಯ ಹೆಸರು ಬಂದು ಕೂತಿದೆ. ಪಾಸ್‌ಪೋರ್ಟಿನಲ್ಲಿ ಊರಿನ ಇನಿಶಿಯಲ್ಲು ಬಿಡಿಸಿಕೊಂಡಿದೆ. ಚೀಟಿಯಲ್ಲಿ ಬರೀ ಶೆಟ್ಟಿ. ಇದನ್ನು ಸರಿಪಡಿಸಿಕೊಳ್ಳಿ. ಪ್ರಯಾಣಕ್ಕೆ ತೋರಿಸುವ ಗುರುತಿನ ಚೀಟಿಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ ವೈದ್ಯರು ಬರೆಯಲಿ.

ಚೀಟಿ ಬೇರೆ, ಪತ್ರ ಬೇರೆ. ಎರಡೂ ಬೇಕು. ಪತ್ರವೆಂದರೆ ವೈದ್ಯರ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿದ ಏಳೆಂಟು ಸಾಲು. ಇವರಿಗೆ ಮಧುಮೇಹವಿದೆ. ಇವರು ಈ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಸೂಜಿ, ಮೀಟರು, ಸಿಹಿ ಸದಾ ಜೊತೆಗಿರಬೇಕು. ಮೈಮೇಲೆ ಇಂಥ ಕಂಪನಿಯ ಇಂಥ ಸಾಧನವಿದೆ, ಅದನ್ನು ಕಳಚಬಾರದು. ಕೆಳಗೆ ಸಹಿ, ಮೊಹರು, ವೈದ್ಯರ ನೋಂದಣಿ ಸಂಖ್ಯೆ, ಹೊಸ ತಾರೀಕು. ಔಷಧಿಯ ಹೆಸರನ್ನು ಕಂಪನಿಯ ಹೆಸರಿನ ಜೊತೆಗೆ ಮೂಲ ಹೆಸರಿನಲ್ಲೂ ಬರೆಸಿ. ನಮ್ಮ ಬ್ರ್ಯಾಂಡು ಹೊರದೇಶದಲ್ಲಿ ಯಾರಿಗೂ ತಿಳಿಯದು. ಅಲ್ಲೆಲ್ಲ ಔಷಧಿಯ ಡಬ್ಬಿಯ ಮೇಲೆ ರೋಗಿಯ ಹೆಸರಿನ ಲೇಬಲ್ಲು ಅಂಟಿಸಿ ಕೊಡುವ ರೂಢಿ. ನಮ್ಮ ಮೆಡಿಕಲ್ ಸ್ಟೋರಿನಲ್ಲಿ ಕತ್ತರಿಯಿಂದ ಸ್ಟ್ರಿಪ್ಪು ಕತ್ತರಿಸಿ ಕಾಗದದ ಪೊಟ್ಟಣದಲ್ಲಿ ಹಾಕಿ ಕೊಡುತ್ತಾರೆ! ಪ್ರಯಾಣಕ್ಕೆ ಪೂರ್ತಿ ಪೆಟ್ಟಿಗೆಯನ್ನೇ ಕೊಳ್ಳಿ, ಬಿಲ್ಲು ಕೇಳಿ ಪಡೆಯಿರಿ.

ಕೊಲ್ಲಿ ದೇಶಗಳಿಗೆ ಹೋಗುವವರಿಗೆ ಇನ್ನೊಂದು ಎಚ್ಚರ. ಇನ್ಸುಲಿನ್ನಿಗೆ ಅಲ್ಲಿ ಅಡ್ಡಿಯಿಲ್ಲ. ಆದರೆ ಪಾದ ಉರಿ, ಜೋಮು ಎಂದು ಬಹಳ ಮಂದಿ ಸಕ್ಕರೆ ಕಾಯಿಲೆಯವರಿಗೆ ಪ್ರಿಗ್ಯಾಬಲಿನ್ ಎಂಬ ಮಾತ್ರೆ ಬರೆದಿರುತ್ತಾರೆ. ನಮಗದು ರಾತ್ರಿಯ ಒಂದು ಗುಳಿಗೆ. ಯುಎಇಯಲ್ಲಿ ಅದು ನಿಯಂತ್ರಿತ ಔಷಧಿ. ಒಯ್ಯುವ ಮೊದಲು ಅಲ್ಲಿನ ಆರೋಗ್ಯ ಇಲಾಖೆಯ ಆನ್‌ಲೈನ್ ಅನುಮತಿ ಪಡೆಯಬೇಕು. ಮಗನಿಗೋ ಮಗಳಿಗೋ ಹೇಳಿ, ಅವರು ಮಾಡಿಕೊಡುತ್ತಾರೆ.

ಚೀಲ ಆಯಿತು, ಕಾಗದ ಆಯಿತು. ಇನ್ನು ಮೈಮೇಲಿನ ಸಾಧನ. ಇದು ಹೊಸ ಕಾಲದ ಸಂಗತಿ. ತಪಾಸಣೆಯಲ್ಲಿ ಹೆಚ್ಚು ಪೇಚು ಬರುವುದೂ ಇದರಿಂದಲೇ.

ಸಾಧನಗಳು ಎರಡು ಬಗೆ. ಒಂದು ಸೆನ್ಸರ್. ಹತ್ತು ರೂಪಾಯಿಯ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಬಿಳಿ ಬಿಲ್ಲೆ. ತೋಳಿನ ಹಿಂಭಾಗಕ್ಕೆ ಅಂಟಿಸುತ್ತಾರೆ. ಅದರ ನಡುವಿನಿಂದ ಒಂದು ತೆಳು ಎಳೆ ಚರ್ಮದೊಳಗೆ ಇಳಿದಿರುತ್ತದೆ. ಹಗಲಿರುಳು ಸಕ್ಕರೆಯ ಅಂಶವನ್ನು ಅಳೆದು ಮೊಬೈಲಿಗೆ ತಿಳಿಸುತ್ತದೆ. ಎರಡು ವಾರ ಬಾಳಿಕೆ, ಬೆಲೆ ಸಾವಿರಾರು ರೂಪಾಯಿ. ಒಮ್ಮೆ ಕಿತ್ತರೆ ಮತ್ತೆ ಅಂಟಿಸುವಂತಿಲ್ಲ. ಇನ್ನೊಂದು ಇನ್ಸುಲಿನ್ ಪಂಪು. ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ. ಸೊಂಟಕ್ಕೆ ಸಿಕ್ಕಿಸಿರುತ್ತಾರೆ. ಅದರಿಂದ ಸಣ್ಣ ಕೊಳವೆಯೊಂದು ಹೊಟ್ಟೆಯ ಚರ್ಮಕ್ಕೆ ಹೋಗಿರುತ್ತದೆ. ಇದು ಲಕ್ಷಗಟ್ಟಲೆ ರೂಪಾಯಿಯ ಮಾತು.

ಮಣೆಯ ಮೇಲೆ ಕೈ ಅಗಲಿಸಿ ನಿಂತಾಗ ಜವಾನನ ಕೈ ತೋಳಿನ ಮೇಲೆ ಹಾದುಹೋಗುತ್ತದೆ. ಬಟ್ಟೆಯೊಳಗೆ ಗಟ್ಟಿಯಾದದ್ದು ಏನೋ ಸಿಗುತ್ತದೆ. ಆ ಕೈ ಅಲ್ಲೇ ನಿಲ್ಲುತ್ತದೆ. ಒತ್ತಿ ನೋಡುತ್ತದೆ. ಸೆನ್ಸರಿನ ಅಂಚು ಏಳುವುದು ಇಂಥ ಹೊತ್ತಿನಲ್ಲೇ. ಅದಕ್ಕೇ ಮಣೆ ಹತ್ತುವ ಮೊದಲೇ ತೋಳು ತೋರಿಸಿ. ‘ಯಹಾಂ ಶುಗರ್ ಕಾ ಸೆನ್ಸರ್ ಲಗಾ ಹೈ, ನಿಕಲೇಗಾ ನಹೀಂ’ ಎನ್ನಿ. ಅರ್ಧ ತೋಳಿನ ಅಂಗಿ, ಸಡಿಲ ಕುರ್ತಾ ಇದ್ದರೆ ತೋರಿಸುವುದು ಸುಲಭ. ನಿಲ್ದಾಣದ ಡಿಜಿಯಾತ್ರಾ ವ್ಯವಸ್ಥೆ ನಿಮ್ಮ ಮುಖವನ್ನು ಗುರುತಿಸಿ ಬಾಗಿಲು ತೆಗೆಯುತ್ತದೆ. ತೋಳಿನ ಬಿಲ್ಲೆ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಹೇಳಬೇಕಾದವರು ನೀವೇ.

ಯಾವ ಯಂತ್ರದಿಂದ ಯಾವ ಸಾಧನಕ್ಕೆ ತೊಂದರೆ? ಲೋಹ ಪತ್ತೆಯ ಚೌಕಟ್ಟು, ಕೈಯಂತ್ರ, ಇವುಗಳಿಂದ ಸಾಮಾನ್ಯವಾಗಿ ಏನೂ ಆಗದು. ಕಂಪನಿಗಳೇ ಹಾಗೆ ಹೇಳುತ್ತವೆ. ಎಚ್ಚರ ಬೇಕಾದದ್ದು ಎರಡು ಕಡೆ. ಒಂದು, ಚೀಲಗಳನ್ನು ನೋಡುವ ಎಕ್ಸ್-ರೇ. ಇನ್ನೊಂದು, ಇಡೀ ಮೈಯನ್ನು ನೋಡುವ ಬಾಡಿ ಸ್ಕ್ಯಾನರ್. ಅದು ಗಾಜಿನ ಕೋಣೆಯಂತಿರುತ್ತದೆ. ಒಳಗೆ ಹೋಗಿ ಕೈ ಮೇಲೆತ್ತಿ ನಿಲ್ಲಬೇಕು. ಅಮೆರಿಕ, ಯುರೋಪಿನಲ್ಲಿ ಇದು ಮಾಮೂಲು. ಪಂಪನ್ನು ಈ ಎರಡಕ್ಕೂ ಒಡ್ಡಬೇಡಿ ಎನ್ನುತ್ತದೆ ಪಂಪು ತಯಾರಿಸುವ ಮೆಡ್‌ಟ್ರಾನಿಕ್ ಕಂಪನಿ. ಲಿಬ್ರೆ ಎಂಬ ಬ್ರ್ಯಾಂಡಿನ ಸೆನ್ಸರಿನ ಕೈಪಿಡಿಯೂ ಬಾಡಿ ಸ್ಕ್ಯಾನರ್ ಬದಲು ಬೇರೆ ಬಗೆಯ ತಪಾಸಣೆ ಕೇಳಿ ಎನ್ನುತ್ತದೆ. ಎಲ್ಲ ಮಾದರಿಗಳಿಗೂ ಒಂದೇ ಸಲಹೆ ಇಲ್ಲ. ನಿಮ್ಮ ಸಾಧನದ ಕೈಪಿಡಿಯಲ್ಲಿ ಆ ಒಂದು ಪುಟವನ್ನು ಹುಡುಕಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಪಂಪಿನವರು ಇನ್ನೊಂದು ವಿಷಯ ನೆನಪಿಡಿ. ಕೊಳವೆ ಕಳಚಿ ಪಂಪನ್ನು ಟ್ರೇಗೆ ಹಾಕುವುದು ಸುಲಭವೆನಿಸುತ್ತದೆ. ಟ್ರೇ ಹೋಗುವುದು ಎಕ್ಸ್-ರೇಗೇ.

2012ರ ಮೇ ತಿಂಗಳಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿ ನಿಲ್ದಾಣದಲ್ಲಿ ನಡೆದದ್ದು ಆಗ ದೊಡ್ಡ ಸುದ್ದಿಯಾಗಿತ್ತು. 16 ವರ್ಷದ ಹುಡುಗಿ. ಮೈಮೇಲೆ ಸುಮಾರು 10 ಸಾವಿರ ಡಾಲರಿನ ಪಂಪು. ಕೈಯಲ್ಲಿ ವೈದ್ಯರ ಪತ್ರ. ಸ್ಕ್ಯಾನರ್ ಬೇಡ, ಕೈಯಿಂದ ನೋಡಿ ಎಂದು ಆಕೆ ಹೇಳಿದಳು. ಆದರೂ ಸ್ಕ್ಯಾನರಿನೊಳಗೆ ಕಳಿಸಿದರು. ಆಮೇಲೆ ಪಂಪು ಕೆಲಸ ಮಾಡಲಿಲ್ಲವೆಂದು ಮನೆಯವರು ದೂರಿದರು. ಹೇಳಿದರೂ ಕೇಳದವರು ಇರುತ್ತಾರೆ ಎಂಬುದು ನಿಜ. ಆದರೆ ಆಕೆ ಹೇಳಿದ್ದಳು ಎಂಬುದರಿಂದಲೇ ಆ ದೂರಿಗೆ ಬಲ ಬಂತು.

ಸಾಧನ ತೋರಿಸಲು ನಾಚಿಕೆ ಎನ್ನುವವರಿಗೆ ಒಂದು ಉದಾಹರಣೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಥೆರೆಸಾ ಮೇ ಅವರಿಗೆ ಟೈಪ್ 1 ಮಧುಮೇಹ. ಅಧಿಕಾರದಲ್ಲಿದ್ದಾಗಲೇ ತೋಳಿಲ್ಲದ ಉಡುಪು ತೊಟ್ಟು ಔತಣಕೂಟಕ್ಕೆ ಬಂದರು. ತೋಳಿನ ಮೇಲಿನ ಬಿಳಿ ಬಿಲ್ಲೆ ಫೋಟೋಗಳಲ್ಲಿ ಕಾಣುತ್ತಿತ್ತು. ದೇಶ ನಡೆಸುವವರಿಗೆ ಇಲ್ಲದ ಸಂಕೋಚ ನಮಗೇಕೆ?

ಇನ್ನೂ ಹತ್ತಿರದ ಉದಾಹರಣೆ ಬೇಕೆ? ನೃತ್ಯಗಾರ್ತಿ, ನಟಿ ಸುಧಾ ಚಂದ್ರನ್. ಅಪಘಾತದಲ್ಲಿ ಕಾಲು ಕಳೆದುಕೊಂಡು, ಕೃತಕ ಕಾಲಿನಲ್ಲಿ ಕುಣಿದು ಹೆಸರಾದವರು. 2021ರ ಅಕ್ಟೋಬರಿನಲ್ಲಿ ಅವರೊಂದು ವಿಡಿಯೋ ಹಾಕಿದರು. ಪ್ರತಿ ಸಲ ವಿಮಾನ ನಿಲ್ದಾಣದಲ್ಲಿ ಕೃತಕ ಕಾಲನ್ನು ಕಳಚಿ ತೋರಿಸಬೇಕಾಗುತ್ತದೆ ಎಂದು ಪ್ರಧಾನಿಗೇ ಅಹವಾಲು ಹೇಳಿಕೊಂಡರು. ಅದರ ಬದಲು ಸ್ಫೋಟಕದ ಕುರುಹು ನೋಡುವ ಯಂತ್ರ ಬಳಸಿ ಎಂದು ಕೇಳಿದರು. ಆ ಯಂತ್ರದ ಕೆಲಸ ಸರಳ. ಸಾಧನವನ್ನು ಸಣ್ಣ ಬಟ್ಟೆಯ ಪಟ್ಟಿಯಿಂದ ಒರೆಸುತ್ತಾರೆ. ಪಟ್ಟಿಯನ್ನು ಯಂತ್ರಕ್ಕೆ ತೋರಿಸುತ್ತಾರೆ. ಅಷ್ಟೇ. ಸಿಐಎಸ್‌ಎಫ್ ಬಹಿರಂಗವಾಗಿ ಕ್ಷಮೆ ಕೇಳಿತು. ಸಿಬ್ಬಂದಿಗೆ ಮತ್ತೆ ತಿಳಿವಳಿಕೆ ಕೊಡುವುದಾಗಿ ಹೇಳಿತು. ಪಂಪು, ಸೆನ್ಸರ್ ಇರುವವರೂ ಇದನ್ನೇ ಕೇಳಬಹುದು. ಕೈಯಿಂದ ನೋಡಿ, ಪಟ್ಟಿಯಿಂದ ಒರೆಸಿ ನೋಡಿ, ಬೇಕಾದರೆ ಪ್ರತ್ಯೇಕ ಕೋಣೆಯಲ್ಲಿ ನೋಡಿ. ದನಿ ಏರಿಸದೆ ಕೇಳಿ. ಒಪ್ಪದಿದ್ದರೆ ಅವರ ಮೇಲಧಿಕಾರಿಯನ್ನು ಕರೆಯಲು ಹೇಳಿ. ಮಣೆಯ ಬಳಿಯ ಜವಾನನಿಗೆ ನಿಯಮ ಸಡಿಲಿಸುವ ಅಧಿಕಾರವಿಲ್ಲ. ಅವನ ಜೊತೆ ಜಗಳಾಡಿ ಫಲವಿಲ್ಲ.

ಮೊಬೈಲು ಟ್ರೇಯಲ್ಲಿ, ಸೆನ್ಸರ್ ಮೈಮೇಲೆ. ನಡುವೆ ಲೆಕ್ಕ ತಪ್ಪುವುದೇ ಎಂದು ಕೆಲವರಿಗೆ ಆತಂಕ. ತಪ್ಪುವುದಿಲ್ಲ. ಲಿಬ್ರೆ ಸೆನ್ಸರ್ ಕನಿಷ್ಠ ಎಂಟು ಗಂಟೆಯ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ.

ಇಲ್ಲಿಯವರೆಗೆ ವಸ್ತುಗಳ ಮಾತಾಯಿತು. ಚೀಲ, ಪತ್ರ, ಸಾಧನ. ಆದರೆ ಸಾಲಿನಲ್ಲಿ ನಿಂತಿರುವುದು ಒಂದು ದೇಹ. ಕೊನೆಯ ವಿಷಯ ಅದೇ. ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವೂ ಅದೇ.

ಮಧ್ಯಾಹ್ನದ ವಿಮಾನ ಎಂದಿಟ್ಟುಕೊಳ್ಳಿ. ಕಲ್ಯಾಣದ ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಂಡಿರಿ. ‘ತಡವಾಯಿತು, ತಿಂಡಿ ಅಲ್ಲೇ ತಿಂದರಾಯಿತು’ ಎಂದು ಹೊರಟಿರಿ. ಬೇಗ ಕೆಲಸ ಮಾಡುವ ಇನ್ಸುಲಿನ್ ಕಾಲು ಗಂಟೆಯಲ್ಲಿ ಶುರು ಮಾಡುತ್ತದೆ. ಒಂದೆರಡು ಗಂಟೆಯಲ್ಲಿ ಅದರ ಜೋರು ಗರಿಷ್ಠ. ಆ ಹೊತ್ತಿಗೆ ನೀವು ಎಲ್ಲಿದ್ದೀರಿ? ಶಿಳ್ ಫಾಟಾದಲ್ಲಿ ಟ್ರಕ್ಕುಗಳ ನಡುವೆ. ಅಲ್ಲಿಂದ ಬಿಡಿಸಿಕೊಂಡು ನಿಲ್ದಾಣ ಸೇರಿ ತಪಾಸಣೆಯ ಸಾಲಿನಲ್ಲಿ ನಿಂತಾಗ ಸಕ್ಕರೆ ಪೂರ್ತಿ ಇಳಿದಿದೆ.

ಸಕ್ಕರೆ ಇಳಿದವನು ಹೇಗೆ ಕಾಣುತ್ತಾನೆ? ಎಸಿಯಲ್ಲೂ ಬೆವರುತ್ತಾನೆ. ಕೈ ನಡುಗುತ್ತದೆ. ಕೇಳಿದ್ದಕ್ಕೆ ತಡವಾಗಿ ಉತ್ತರಿಸುತ್ತಾನೆ. ಕೆಲವೊಮ್ಮೆ ಸಿಟ್ಟಾಗುತ್ತಾನೆ. ಈಗ ಭದ್ರತಾ ಸಿಬ್ಬಂದಿಯ ಕಣ್ಣಿನಿಂದ ಅವನನ್ನು ನೋಡಿ. ಬೆವರು, ನಡುಕ, ತಡವರಿಕೆ. ಅವರು ಸಂಶಯಪಡಬೇಕಾದ ಮನುಷ್ಯನ ಲಕ್ಷಣವೂ ಇದೇ! ಅಂಥ ಹೊತ್ತಿನಲ್ಲಿ ನಿಮ್ಮ ಸಿಹಿ, ನಿಮ್ಮ ಪತ್ರ, ಎರಡೂ ಎಕ್ಸ್-ರೇಯ ಆ ಕಡೆ ಇರುತ್ತವೆ.

ಹಾಗಾಗಿ ಸಾಲಿಗೆ ನಿಲ್ಲುವ ಮೊದಲು ಸಕ್ಕರೆ ಪರೀಕ್ಷಿಸಿ. ಊಟಕ್ಕೆ ತೆಗೆದುಕೊಳ್ಳುವ ಇನ್ಸುಲಿನ್ ಊಟ ಕಣ್ಣ ಮುಂದೆ ಬಂದ ಮೇಲೆಯೇ. ಪತ್ರದ ಒಂದು ಪ್ರತಿ ಕೈಯಲ್ಲಿರಲಿ. ಸಕ್ಕರೆ ಇಳಿದರೆ ಬೇಕಾದದ್ದು ಸುಮಾರು 15 ಗ್ರಾಂ ಸಿಹಿ. ಮೂರು ಸಣ್ಣ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ. ತಿಂದು ಕಾಲು ಗಂಟೆ ಕಾದು ಮತ್ತೆ ಪರೀಕ್ಷಿಸಬೇಕು. ಒಂದು ವಿಷಯ ಗಮನದಲ್ಲಿರಲಿ. ಗ್ಲೂಕೋಸ್ ಪುಡಿಯನ್ನು ಪ್ಲಾಸ್ಟಿಕ್ ಪೊಟ್ಟಣಕ್ಕೆ ಸುರಿದು ರಬ್ಬರ್ ಬ್ಯಾಂಡ್ ಹಾಕಿ ಒಯ್ಯುತ್ತೀರಲ್ಲ, ಅದು ಬೇಡ. ಹೆಸರಿಲ್ಲದ ಬಿಳಿ ಪುಡಿ ಯಾವ ನಿಲ್ದಾಣದಲ್ಲೂ ಒಳ್ಳೆಯದಲ್ಲ. ಕಂಪನಿಯ ಪ್ಯಾಕೆಟ್ಟನ್ನು ಒಡೆಯದೆ ಒಯ್ಯಿರಿ. ಇಲ್ಲವೇ ಗ್ಲೂಕೋಸ್ ಮಾತ್ರೆ ಇಟ್ಟುಕೊಳ್ಳಿ. ಸಾಲಿನಲ್ಲೇ ಕಣ್ಣು ಮಂಜಾದರೆ ಪಕ್ಕದವರಿಗೆ ಗಟ್ಟಿಯಾಗಿ ಹೇಳಿ. ‘ಶುಗರ್ ಲೋ ಆಗಿದೆ.’ ‘ಶುಗರ್ ಲೋ’ ಎಂಬ ಎರಡು ಪದ ಎಲ್ಲ ಭಾಷೆಯವರಿಗೂ ಅರ್ಥವಾಗುತ್ತದೆ.

ಹೀಗೆ ಮೊದಲೇ ಹೇಳಿಕೊಳ್ಳಲು ಬೇರೆ ಕಡೆ ವ್ಯವಸ್ಥೆಯೇ ಬೆಳೆದಿದೆ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ವೈದ್ಯಕೀಯ ಸಾಧನ ಧರಿಸಿದವರಿಗಾಗಿಯೇ ಒಂದು ಕಾರ್ಡು ರೂಪಿಸಿದೆ. ಒಂದು ಬದಿ ಪ್ರಯಾಣಿಕನಿಗೆ, ಇನ್ನೊಂದು ಬದಿ ಅಧಿಕಾರಿಗೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಹೊರಗೆ ಕಾಣದ ತೊಂದರೆ ಇರುವವರಿಗೆ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ ಕೊಡುತ್ತಾರೆ. ಅದನ್ನು ಕಂಡ ಸಿಬ್ಬಂದಿ ಸ್ವಲ್ಪ ತಾಳ್ಮೆಯಿಂದ ನಡೆದುಕೊಳ್ಳಬೇಕೆಂದು ಅದರ ಉದ್ದೇಶ.

ನಮ್ಮ ಊರುಗಳಲ್ಲೂ ಒಂದು ಕೆಲಸ ಆಗಬಹುದು. ಡೊಂಬಿವಲಿ, ಕಲ್ಯಾಣ, ಥಾಣೆ, ವಾಶಿ, ಎಲ್ಲೆಡೆ ನಮ್ಮ ಕನ್ನಡ ಸಂಘಗಳಿವೆ, ಜಾತಿ ಸಮುದಾಯದ ಸಂಘಗಳಿವೆ. ರಕ್ತ ತಪಾಸಣೆಯ ಶಿಬಿರ ನಡೆಸುವುದು ಅವಕ್ಕೆ ಹೊಸತಲ್ಲ. ಸಂಘಗಳ ಪದಾಧಿಕಾರಿಗಳು ಕೇಳುತ್ತಿದ್ದರೆ ಅವರಲ್ಲೊಂದು ಬಿನ್ನಹ. ಮುಂದಿನ ಶಿಬಿರದಲ್ಲಿ ಪ್ರಯಾಣದ ಪತ್ರದ ಒಂದು ಮಾದರಿಯನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಇಡಿ. ಜನ ಅದನ್ನು ತಮ್ಮ ತಮ್ಮ ಡಾಕ್ಟರ ಬಳಿಗೆ ಒಯ್ದು ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಲಿ. ಖರ್ಚು ಒಂದು ರೀಮ್ ಕಾಗದದ್ದು. ಮೇ ತಿಂಗಳ ರಜೆಗೆ ಊರಿಗೆ, ವಿದೇಶಕ್ಕೆ ಹೊರಡುವವರಿಗೆ ಅದು ಏಪ್ರಿಲ್ ಒಳಗೆ ಕೈಸೇರಿದರೆ ಉಪಕಾರವಾದೀತು.